ಶಾಲೆಯ ಮಾತ್ರೆ, ಮನೆಯ ಹುಳ: ಗಡಿನಾಡಿನ ಮನೆಗಳಲ್ಲಿ ಮಕ್ಕಳ ಸೂಜಿಹುಳದ ಚಿಕಿತ್ಸೆ

ಗಡಿನಾಡು ಅಂದ ಕೂಡಲೇ ನಾವು ಶಾಲೆ, ಆಡಳಿತ ಭಾಷೆ, ಯಕ್ಷಗಾನ, ಸಾಹಿತ್ಯ ಇಂಥ ದೊಡ್ಡ ವಿಷಯಗಳನ್ನು ಎತ್ತಿಕೊಳ್ತೇವೆ. ನಾನು ಇವತ್ತು ಎತ್ತಿಕೊಂಡಿರುವುದು ಒಂದು ಸೆಂಟಿಮೀಟರ್ ಉದ್ದದ ಹುಳವನ್ನು. ನಾನು ಸಮುದಾಯ ಆರೋಗ್ಯ ಓದುವವಳು, ಊರು ಕಾಸರಗೋಡಿನ ಮಂಜೇಶ್ವರ ತಾಲೂಕು. ಮಕ್ಕಳಿರುವ ಮನೆಗಳಿಗೆ ಹೋದಾಗ ತಾಯಂದಿರು ಧ್ವನಿ ತಗ್ಗಿಸಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ರಾತ್ರಿ ಮಗು ಹಿಂದೆ ಕೆರೆದುಕೊಳ್ತದೆ, ಶಾಲೆಯಲ್ಲಿ ಮಾತ್ರೆ ಕೊಟ್ಟಿದ್ದಾರೆ, ಆದರೂ ಹೋಗುವುದಿಲ್ಲ, ಯಾಕೆ?"

ಈ "ಯಾಕೆ"ಗೆ ಉತ್ತರ ಕೊಡುವುದೇ ನನ್ನ ಪ್ರಬಂಧ. ಸಾರವನ್ನು ಮೊದಲೇ ಹೇಳಿಬಿಡ್ತೇನೆ. ಸೂಜಿಹುಳಕ್ಕೆ ಔಷಧಿಯನ್ನು ಇಡೀ ಮನೆಗೆ ಕೊಡಬೇಕು, ಎರಡು ವಾರ ಬಿಟ್ಟು ಇನ್ನೊಮ್ಮೆ ಕೊಡಬೇಕು, ಮತ್ತು ಇದನ್ನು ಹೇಳುವ ಮಾತು ಆ ಮನೆಯ ಅಜ್ಜಿಗೆ ಅರ್ಥವಾಗಬೇಕು. ಮೊದಲ ಎರಡು ವೈದ್ಯಶಾಸ್ತ್ರದ ವಿಷಯ. ಮೂರನೆಯದು ನಮ್ಮ ಈ ವೇದಿಕೆಯ ವಿಷಯ.

ಯಾವ ಹುಳ?

ಪಿನ್‌ವರ್ಮ್ ಅಂತ ಪುಸ್ತಕದಲ್ಲಿ ಬರುವುದಕ್ಕೆ ಸೂಜಿಹುಳ, ದಾರದ ಹುಳ ಅಂತ ಕನ್ನಡದಲ್ಲಿ ಹೇಳಬಹುದು. ಶಾಸ್ತ್ರೀಯ ಹೆಸರು ಎಂಟರೋಬಿಯಸ್ ವರ್ಮಿಕ್ಯುಲಾರಿಸ್. ಹೆಣ್ಣುಹುಳ 8ರಿಂದ 13 ಮಿಲಿಮೀಟರ್ ಉದ್ದ, ಗಂಡು ಅದಕ್ಕಿಂತ ತುಂಬಾ ಸಣ್ಣದು. ಬಿಳಿ ನೂಲಿನ ತುಂಡಿನ ಹಾಗೆ ಕಾಣ್ತದೆ, ಬಾಲ ಮೊನಚು. ಇದು ಮನುಷ್ಯನ ಹೊಟ್ಟೆಯಲ್ಲಿ ಮಾತ್ರ ಬಾಳುವ ಹುಳ. ನಾಯಿ ಬೆಕ್ಕಿನಿಂದ ಬರುವುದಿಲ್ಲ, ಮಣ್ಣಿನಲ್ಲಿ ಬೆಳೆಯುವುದೂ ಇಲ್ಲ.

ಆದರೆ ಮನೆಯಲ್ಲಿ ಯಾರೂ ಹುಳಗಳನ್ನು ಇಷ್ಟು ಬಿಡಿಸಿ ಹೆಸರಿಸುವುದಿಲ್ಲ. ಗಡಿಯ ಎರಡೂ ಬದಿಯ ಮಾತು ಸೇರಿದಲ್ಲಿ ಹೆಸರಿನ ಗೊಂದಲ ಇನ್ನೂ ಹೆಚ್ಚು. ನಮ್ಮ ಕಡೆ ಕನ್ನಡದಲ್ಲಿ ಜಂತು, ಹುಳ. ತುಳು ಆಡುವ ಮನೆಯಲ್ಲಿ ಪುರಿ. ಮಲಯಾಳದಲ್ಲಿ ವಿರ ಮತ್ತು ಕೃಮಿ ಅಂತ ಎರಡು ಮಾತುಂಟು; ಕೆರೆತ ತರುವ ಈ ಸಣ್ಣ ಹುಳಕ್ಕೆ ಆಡುಮಾತಿನಲ್ಲಿ ಹೆಚ್ಚಾಗಿ ಕೃಮಿ ಅಂತಲೇ ಹೇಳ್ತಾರೆ. ಅದೇ ಕೃಮಿ ಶಬ್ದ ತಾಳವಾಡಿ, ಹೊಸೂರು, ನೀಲಗಿರಿಯ ತಮಿಳಿನಲ್ಲಿ ಕಿರುಮಿ ಆಗಿ, ಈಗ ರೋಗಾಣು ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ಅಲ್ಲಿ ಕಿರುಮಿನಾಶಿನಿ ಅಂದರೆ ಸೋಂಕು ತೆಗೆಯುವ ದ್ರಾವಣ. ಹೊಟ್ಟೆಹುಳಕ್ಕೆ ಸರಕಾರಿ ತಮಿಳಿನಲ್ಲಿ ಕುಡಲ್ ಪುಳು, ಮನೆಮಾತಿನಲ್ಲಿ ಪೂಚ್ಚಿ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಬಂದರೆ ಇನ್ನೊಂದು ತಿರುವು. ಮರಾಠಿಯಲ್ಲಿ ಹೊಟ್ಟೆಹುಳಕ್ಕೆ ಜಂತ. ಅದಕ್ಕೆ ಉಕಾರ ಸೇರಿ ಜಂತು ಆದರೆ ರೋಗಾಣು. ಜಂತನಾಶಕ ಅಂದರೆ ಮಗುವಿಗೆ ಕೊಡುವ ಮಾತ್ರೆ. ಜಂತುನಾಶಕ ಅಂದರೆ ನೆಲಕ್ಕೆ, ಗಾಯಕ್ಕೆ ಹಾಕುವ ಸೋಂಕುನಿವಾರಕ. ಕನ್ನಡದ ಜಂತು ಮಾತ್ರ ಹುಳವೇ. ಒಂದು ಅಕ್ಷರದ ವ್ಯತ್ಯಾಸ ಒಂದು ಔಷಧಿಯ ವ್ಯತ್ಯಾಸ. ಆದವಾನಿ, ರಾಯದುರ್ಗ, ಮಡಕಶಿರಾ ಭಾಗದ ಶಾಲೆಗಳಲ್ಲಿ ಮಾತ್ರೆ ಕೊಡುವ ದಿನಕ್ಕೆ ತೆಲುಗಿನ ಹೆಸರು ನುಲಿಪುರುಗು ನಿರ್ಮೂಲನ ದಿನ.

ಈ ಎಲ್ಲ ಮಾತುಗಳೂ ಹೊಟ್ಟೆಯ ಹಲವು ಹುಳಗಳನ್ನು ಒಂದೇ ಚೀಲಕ್ಕೆ ಹಾಕ್ತವೆ. ದುಂಡುಹುಳ, ಕೊಕ್ಕೆಹುಳ, ಚಾಟಿಹುಳ, ಸೂಜಿಹುಳ ಎಲ್ಲಾ "ಜಂತು". ಹಾಗಾಗಿ ಶಾಲೆಯಲ್ಲಿ "ಜಂತಿನ ಮಾತ್ರೆ ಕೊಟ್ಟಾಯ್ತು" ಅಂದರೆ ಎಲ್ಲಾ ಜಂತೂ ಮುಗಿಯಿತು ಅಂತ ಮನೆಯಲ್ಲಿ ತಿಳಿದುಕೊಳ್ತಾರೆ. ಅದು ಸಹಜವೇ.

ಹುಳದ ದಿನಚರಿ

ಈ ಹುಳದ ಚಿಕಿತ್ಸೆಗೆ ಅದರ ಗಡಿಯಾರ ಗೊತ್ತಿರಬೇಕು. ಮೊಟ್ಟೆ ಬಾಯಿಯ ಮೂಲಕ ಹೊಟ್ಟೆಗೆ ಹೋಗ್ತದೆ. ಸಣ್ಣಕರುಳಿನಲ್ಲಿ ಒಡೆದು ಮರಿ ಹೊರಬರ್ತದೆ. ಬೆಳೆದ ಹುಳ ದೊಡ್ಡಕರುಳಿನ ಆರಂಭದ ಭಾಗದಲ್ಲಿ ನೆಲೆಸ್ತದೆ. ಮೊಟ್ಟೆ ನುಂಗಿದಂದಿನಿಂದ ಹೆಣ್ಣುಹುಳ ಮೊಟ್ಟೆ ಇಡುವವರೆಗೆ ಸುಮಾರು ಒಂದು ತಿಂಗಳು ಬೇಕು. ಅದರ ಆಯುಸ್ಸು ಸುಮಾರು ಎರಡು ತಿಂಗಳು.

ಮೊಟ್ಟೆ ತುಂಬಿದ ಹೆಣ್ಣು ರಾತ್ರಿ, ಮಗು ಮಲಗಿದ ಮೇಲೆ, ಗುದದ್ವಾರದಿಂದ ಹೊರಬಂದು ಸುತ್ತಲಿನ ಚರ್ಮದ ಮೇಲೆ ಮೊಟ್ಟೆ ಅಂಟಿಸ್ತದೆ. ಒಂದು ಹುಳ ಇಡುವ ಮೊಟ್ಟೆ 10,000ಕ್ಕೂ ಮಿಕ್ಕಿ ಇರಬಹುದು. ಅದು ಕೆರೆತ ತರ್ತದೆ. ಮಗು ನಿದ್ದೆಗಣ್ಣಿನಲ್ಲಿ ಕೆರೆದುಕೊಳ್ತದೆ, ಮೊಟ್ಟೆ ಉಗುರಿನ ಸಂದಿಗೆ ಹೋಗ್ತದೆ. 4ರಿಂದ 6 ಗಂಟೆಯೊಳಗೆ ಆ ಮೊಟ್ಟೆ ಸೋಂಕು ತರುವಷ್ಟು ಬಲಿತಿರ್ತದೆ. ರಾತ್ರಿ 11ಕ್ಕೆ ಇಟ್ಟ ಮೊಟ್ಟೆ ಬೆಳಗ್ಗೆ ದೋಸೆ ಮುರಿಯುವ ಹೊತ್ತಿಗೆ ತಯಾರು. ಬೆರಳು ಬಾಯಿಗೆ ಹೋದರೆ ಮತ್ತೆ ಮೊದಲಿನಿಂದ ಸುರು.

ಉಳಿದ ಮೊಟ್ಟೆಗಳು ಚಡ್ಡಿಗೆ, ಚಾಪೆಗೆ, ಹೊದಿಕೆಗೆ, ಆಟಿಕೆಗೆ, ಬಾಗಿಲ ಚಿಲಕಕ್ಕೆ ಹೋಗ್ತವೆ. ಬಿಸಿಲು, ಒಣಹವೆಯಲ್ಲಿ ಅವು ಬೇಗ ಸಾಯ್ತವೆ. ತಂಪು, ತೇವ ಇದ್ದಲ್ಲಿ ಎರಡು ಮೂರು ವಾರದವರೆಗೂ ಉಳಿಯಬಹುದು. ಆಟಿ ತಿಂಗಳಲ್ಲಿ ಬಟ್ಟೆ ಒಣಗದ ಕರಾವಳಿಯವರಿಗೆ, ನೀಲಗಿರಿಯ ಚಳಿಯವರಿಗೆ ಇದು ನೆನಪಿರಬೇಕಾದ ಸಂಗತಿ. ಮಕ್ಕಳು ಅಜ್ಜಿಯ ಜೊತೆ, ಅಣ್ಣ ತಂಗಿಯರ ಜೊತೆ ಒಂದೇ ಚಾಪೆಯಲ್ಲಿ ಮಲಗುವ ಮನೆಯಲ್ಲಿ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ದಾಟುವುದಕ್ಕೆ ಕಷ್ಟವೇ ಇಲ್ಲ. ದೊಡ್ಡವರಿಗೆ ಎಷ್ಟೋ ಸಲ ಕೆರೆತವೇ ಇರುವುದಿಲ್ಲ, ಆದರೆ ಹುಳ ಇರ್ತದೆ.

ಗುರುತಿಸುವುದು ಹೇಗೆ?

ಮುಖ್ಯ ಲಕ್ಷಣ ರಾತ್ರಿಯ ಕೆರೆತ. ಅದರ ಹಿಂದೆ ನಿದ್ದೆಗೇಡು, ಸಿಡುಕು, ತರಗತಿಯಲ್ಲಿ ತೂಕಡಿಕೆ. ಕೆರೆದು ಗಾಯವಾದರೆ ಅಲ್ಲಿ ಬ್ಯಾಕ್ಟೀರಿಯಾದ ಸೋಂಕು ಸೇರಬಹುದು. ಹೆಣ್ಣುಮಕ್ಕಳಲ್ಲಿ ಹುಳ ಮುಂದಕ್ಕೆ ಹರಿದು ಯೋನಿಭಾಗದಲ್ಲಿ ಉರಿ, ಸ್ರಾವ ತರುವುದೂ ಉಂಟು. ಇದನ್ನು ಸಣ್ಣ ಹುಡುಗಿಯರು ಹೇಳಲು ನಾಚುತ್ತಾರೆ, ಹೇಳಿದರೆ ಮನೆಯವರು ಹೆದರುತ್ತಾರೆ.

ಮಲಪರೀಕ್ಷೆ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಮೊಟ್ಟೆ ಇರುವುದು ಚರ್ಮದ ಮೇಲೆ, ಮಲದಲ್ಲಿ ಅಪರೂಪ. "ಲ್ಯಾಬಿನಲ್ಲಿ ಏನೂ ಇಲ್ಲ ಅಂದರು" ಅಂತ ಸುಮ್ಮನಾಗುವುದು ಅದಕ್ಕೇ ಸರಿಯಲ್ಲ. ಸರಿಯಾದ ವಿಧಾನ ಸೆಲ್ಲೋಟೇಪಿನದ್ದು. ಬೆಳಗ್ಗೆ ಎದ್ದ ಕೂಡಲೇ, ಶೌಚಕ್ಕೂ ಸ್ನಾನಕ್ಕೂ ಮೊದಲು, ಪಾರದರ್ಶಕ ಟೇಪಿನ ಅಂಟುಭಾಗವನ್ನು ಗುದದ ಸುತ್ತಲಿನ ಚರ್ಮಕ್ಕೆ ಒತ್ತಿ ತೆಗೆದು ಗಾಜಿನ ಸ್ಲೈಡಿಗೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಮೂರು ದಿನ ಬೆನ್ನುಬೆನ್ನಿಗೆ ಮಾಡಿದರೆ ಹೆಚ್ಚಿನವು ಸಿಕ್ಕಿಬೀಳ್ತವೆ. ಅದಕ್ಕೂ ಸುಲಭದ್ದು: ಮಗು ಮಲಗಿ ಎರಡು ಮೂರು ಗಂಟೆ ಕಳೆದ ಮೇಲೆ ಟಾರ್ಚ್ ಹಿಡಿದು ನೋಡುವುದು. ಬಿಳಿ ನೂಲು ಚಲಿಸಿದರೆ ಸಂಶಯವೇ ಬೇಡ.

ಔಷಧಿ: ಎರಡು ಸಲ, ಎಲ್ಲರಿಗೂ

ಬಳಕೆಯಲ್ಲಿರುವ ಔಷಧಿಗಳು ಮುಖ್ಯವಾಗಿ ಮೂರು: ಆಲ್ಬೆಂಡಜೋಲ್, ಮೆಬೆಂಡಜೋಲ್, ಪೈರಾಂಟೆಲ್ ಪಮೋಯೇಟ್. ಎರಡು ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಆಲ್ಬೆಂಡಜೋಲ್ ಆದರೆ 400 ಮಿಲಿಗ್ರಾಂ ಒಂದು ಸಲ. ಮೆಬೆಂಡಜೋಲ್ ಆದರೆ 100 ಮಿಲಿಗ್ರಾಂ ಒಂದು ಸಲ. ಪೈರಾಂಟೆಲನ್ನು ತೂಕ ನೋಡಿ ಕೊಡ್ತಾರೆ, ಕಿಲೋಗೆ 11 ಮಿಲಿಗ್ರಾಂ, ಒಟ್ಟು 1 ಗ್ರಾಂ ಮೀರದಂತೆ. ಯಾವುದೇ ಆದರೂ ಎರಡು ವಾರ ಬಿಟ್ಟು ಅದನ್ನೇ ಇನ್ನೊಮ್ಮೆ ಕೊಡಬೇಕು.

ಎರಡನೇ ಸಲ ಯಾಕೆ? ಈ ಔಷಧಿಗಳು ಹುಳವನ್ನು ಕೊಲ್ತವೆ, ಮೊಟ್ಟೆಯನ್ನು ಕೊಲ್ಲುತ್ತವೆಂದು ನಂಬುವ ಹಾಗಿಲ್ಲ. ಮೊದಲ ಮಾತ್ರೆಯ ದಿನ ಮೊಟ್ಟೆಯ ರೂಪದಲ್ಲಿ ಉಗುರಿನಲ್ಲೋ ಚಾಪೆಯಲ್ಲೋ ಇದ್ದದ್ದು ಮರುದಿನ ಹೊಟ್ಟೆಗೆ ಹೋಗಿ ಹುಳವಾಗ್ತದೆ. ಅದು ಬೆಳೆದು ಮೊಟ್ಟೆ ಇಡಲು ತಿಂಗಳು ಬೇಕು ಅಂತ ಆಗಲೇ ಹೇಳಿದೆ. ಎರಡು ವಾರಕ್ಕೆ ಕೊಡುವ ಮಾತ್ರೆ ಅದನ್ನು ಮೊಟ್ಟೆ ಇಡುವ ಮೊದಲೇ ಹಿಡಿಯುತ್ತದೆ. ಲೆಕ್ಕ ಅಷ್ಟೇ ಸರಳ.

ಎಲ್ಲರಿಗೂ ಯಾಕೆ? ಕೆರೆತವಿಲ್ಲದ ಅಪ್ಪನಲ್ಲಿ, ಅಜ್ಜಿಯಲ್ಲಿ, ಚಿಕ್ಕ ತಮ್ಮನಲ್ಲಿ ಹುಳ ಉಳಿದರೆ ಮಗುವಿಗೆ ವಾಪಸು ಬರ್ತದೆ. ಹಾಗಾಗಿ ಒಂದೇ ಸೂರಿನ ಎಲ್ಲರೂ ಒಂದೇ ದಿನ ತೆಗೆದುಕೊಳ್ಳಬೇಕು. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಯಕೃತ್ತಿನ ತೊಂದರೆ ಇರುವವರ ವಿಷಯದಲ್ಲಿ ಮಾತ್ರ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಗರ್ಭದ ಮೊದಲ ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಈ ಮಾತ್ರೆ ಕೊಡುವುದಿಲ್ಲ. ಹುಳದ ಆಯುಸ್ಸೇ ಕಡಿಮೆಯಾದ್ದರಿಂದ, ಹೊಸ ಮೊಟ್ಟೆ ಬಾಯಿಗೆ ಹೋಗದಂತೆ 6 ವಾರ ಕಟ್ಟುನಿಟ್ಟಾಗಿ ಶುಚಿ ಕಾಪಾಡುವುದೇ ಅಂಥವರಿಗೆ ಹೇಳುವ ದಾರಿ. ಇನ್ನೊಂದು ಎಚ್ಚರ: ಸಣ್ಣ ಮಕ್ಕಳಿಗೆ ಮಾತ್ರೆಯನ್ನು ಇಡಿಯಾಗಿ ನುಂಗಿಸಬಾರದು, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಪುಡಿಮಾಡಿ ನೀರಲ್ಲಿ ಕಲಸಿ ಕೊಡಬೇಕು. ದೊಡ್ಡ ಮಕ್ಕಳು ಜಗಿದು ತಿನ್ನಬೇಕು.

ಆ ಎರಡು ವಾರ ಮನೆಯಲ್ಲಿ

ನಮ್ಮ ಕಡೆ ಅನೇಕ ಮನೆಗಳಲ್ಲಿ ಮಕ್ಕಳಿಗೆ ಸ್ನಾನ ಸಂಜೆ, ಆಟ ಮುಗಿದ ಮೇಲೆ. ಬೆಳಗ್ಗೆ ಶಾಲೆಯ ಗಡಿಬಿಡಿಯಲ್ಲಿ ಮುಖ ತೊಳೆದರೆ ಆಯ್ತು. ಸೂಜಿಹುಳದ ಮಟ್ಟಿಗೆ ಈ ಕ್ರಮ ತಿರುಗಬೇಕು. ಮೊಟ್ಟೆ ಇಡುವುದು ರಾತ್ರಿ, ಹಾಗಾಗಿ ತೊಳೆಯಬೇಕಾದದ್ದು ಬೆಳಗ್ಗೆ. ಪೂರ್ಣ ಸ್ನಾನ ಆಗದಿದ್ದರೆ ಎರಡು ಚೆಂಬು ನೀರು ಸುರಿದು ಸೋಪು ಹಚ್ಚಿ ಹಿಂಭಾಗ ತೊಳೆದರೂ ಸಾಕು. ಚಡ್ಡಿ ಆಗಲೇ ಬದಲಾಯಿಸಬೇಕು.

ಉಗುರು ಗಿಡ್ಡ ಇರಬೇಕು. ಊಟಕ್ಕೆ ಮೊದಲು, ಶೌಚದ ನಂತರ ಸೋಪು ನೀರಲ್ಲಿ ಕೈ ತೊಳೆಯಬೇಕು. ಸ್ಯಾನಿಟೈಸರ್ ಉಜ್ಜಿದರೆ ಸಾಲದು. ಹಾಸಿಗೆ ಬಟ್ಟೆಯನ್ನು ಅಂಗಳದಲ್ಲಿ ಕೊಡವಿದರೆ ಮೊಟ್ಟೆ ಗಾಳಿಗೆ ಹಾರ್ತದೆ, ಮೆಲ್ಲ ಮಡಚಿ ಬಿಸಿನೀರಿಗೆ ಹಾಕಬೇಕು. ಬಿಸಿಲಿದ್ದರೆ ಬಿಸಿಲು, ಇಲ್ಲದಿದ್ದರೆ ಇಸ್ತ್ರಿ. ಮಗು ರಾತ್ರಿ ಬಿಗಿಯಾದ ಚಡ್ಡಿ ಹಾಕಿ ಮಲಗಿದರೆ ಕೈ ನೇರ ಚರ್ಮಕ್ಕೆ ಹೋಗುವುದಿಲ್ಲ. ಮಾತ್ರೆ ಕೊಟ್ಟ ದಿನವೇ ಇದನ್ನೆಲ್ಲ ಸುರು ಮಾಡಬೇಕು, ಎರಡನೇ ಮಾತ್ರೆ ಆಗುವವರೆಗೆ ಬಿಡಬಾರದು.

ಶಾಲೆಯ ಮಾತ್ರೆ ಏನು ಮಾಡ್ತದೆ?

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರಲ್ಲಿ ಆರಂಭವಾಯಿತು. 1ರಿಂದ 19 ವರ್ಷದ ಮಕ್ಕಳಿಗೆ ಶಾಲೆ ಮತ್ತು ಅಂಗನವಾಡಿಯಲ್ಲಿ ಆಲ್ಬೆಂಡಜೋಲ್ ಕೊಡ್ತಾರೆ. ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ. ದಿನಾಂಕ ಸಾಮಾನ್ಯವಾಗಿ ಫೆಬ್ರವರಿ 10, ಆಗಸ್ಟ್ 10. ರಾಜ್ಯಕ್ಕೆ ತಕ್ಕ ಹಾಗೆ ಹಿಂದೆಮುಂದೆ ಆಗ್ತದೆ. ಇದು ಒಳ್ಳೆಯ ಕಾರ್ಯಕ್ರಮ, ತಪ್ಪಿಸಬಾರದು. ಆದರೆ ಅದರ ಗುರಿ ಮಣ್ಣಿನ ಮೂಲಕ ಹರಡುವ ಮೂರು ಬಗೆ: ದುಂಡುಹುಳ, ಚಾಟಿಹುಳ, ಕೊಕ್ಕೆಹುಳ. ರಕ್ತಹೀನತೆ, ಬೆಳವಣಿಗೆ ಕುಂಠಿತ ಇಂಥ ತೊಂದರೆಗಳು ಅವುಗಳಿಂದ.

ಆ ಮಾತ್ರೆ ಸೂಜಿಹುಳಕ್ಕೂ ತಾಗ್ತದೆ. ಆದರೆ ಅದು ಒಂದೇ ಡೋಸು, ಮನೆಯ ಒಂದು ಮಗುವಿಗೆ ಮಾತ್ರ. ಎರಡು ವಾರದ ಮಾತ್ರೆ ಇಲ್ಲ, ಅಪ್ಪ ಅಮ್ಮನಿಗೆ ಇಲ್ಲ, ಚಾಪೆ ಹಾಗೇ ಇದೆ. ಕೆಲವು ದಿನ ಕೆರೆತ ನಿಂತು ಮತ್ತೆ ಬಂದರೆ ಮಾತ್ರೆ ಕೆಟ್ಟದ್ದು ಅಂತಲ್ಲ, ಚಿಕಿತ್ಸೆ ಅರ್ಧಕ್ಕೆ ನಿಂತಿದೆ ಅಂತ ಅರ್ಥ. ತಾಯಿ ಕೇಳಿದ "ಯಾಕೆ"ಗೆ ಉತ್ತರ ಇದು.

ಬೆಲ್ಲ, ಬೇವು ಮತ್ತು ನಾಚಿಕೆ

"ಬೆಲ್ಲ ತಿಂದರೆ ಹುಳ ಆಗ್ತದೆ" ಎಂಬ ಮಾತನ್ನು ಗಡಿಯ ಯಾವ ಕಡೆಯವರೂ ಕೇಳಿದ್ದೀರಿ. ಬೆಲ್ಲದಲ್ಲಿ, ಮಿಠಾಯಿಯಲ್ಲಿ ಈ ಹುಳ ಹುಟ್ಟುವುದಿಲ್ಲ. ತೊಳೆಯದ ಕೈಯಲ್ಲಿ ಮಿಠಾಯಿ ತಿಂದರೆ ಕೈಯ ಮೊಟ್ಟೆ ಹೊಟ್ಟೆಗೆ ಹೋಗ್ತದೆ, ಅಷ್ಟೇ. ಅದಕ್ಕೆ ಮಗುವಿಗೆ ಸಿಹಿ ನಿಲ್ಲಿಸಿ ಬೈಯುವುದರಿಂದ ಹುಳಕ್ಕೆ ಏನೂ ಆಗುವುದಿಲ್ಲ, ಮಗುವಿಗೆ ಬೇಜಾರಾಗ್ತದೆ.

ಮನೆಮದ್ದು ನಮ್ಮಲ್ಲಿ ಹಲವು: ಬೇವು, ಹಾಗಲ, ಬೆಳ್ಳುಳ್ಳಿ, ಪಪ್ಪಾಯಿ ಬೀಜ, ವಾಯುವಿಳಂಗ, ಮುತ್ತುಗದ ಬೀಜ. ಊಟದಲ್ಲಿ ಬರುವ ಹಾಗಲಕಾಯಿಯ ಬಗ್ಗೆ ಯಾರಿಗೂ ತಕರಾರಿಲ್ಲ. ಆದರೆ ಸಣ್ಣ ಮಗುವಿಗೆ ಅಳತೆಯಿಲ್ಲದ ಕಷಾಯ ಕುಡಿಸುವುದು, ಬೇವಿನ ಎಣ್ಣೆ ಕುಡಿಸುವುದು ಅಪಾಯ. ಹಳೆಯ ಶಾಸ್ತ್ರವನ್ನೇ ನೋಡಿದರೂ, ಚರಕಸಂಹಿತೆ ಕೃಮಿಗೆ ಮೂರು ಹೆಜ್ಜೆ ಹೇಳ್ತದೆ: ಹುಳವನ್ನು ಹೊರತೆಗೆಯುವುದು, ಅದು ಬೆಳೆಯುವ ಪರಿಸ್ಥಿತಿಯನ್ನು ಕೆಡಿಸುವುದು, ಕಾರಣವನ್ನು ಬಿಡುವುದು. ನಾವು ಮೊದಲನೆಯದನ್ನು ಮಾತ್ರ ನೆನಪಿಟ್ಟು ಮೂರನೆಯದನ್ನು ಮರೆತಿದ್ದೇವೆ ಅಂತ ನನಗೆ ಕಾಣ್ತದೆ.

ಇನ್ನು ನಾಚಿಕೆ. ಈ ಹುಳ ಬಡವರ ಮನೆಗೆ, ಗಲೀಜು ಮನೆಗೆ ಮಾತ್ರ ಬರುವುದಲ್ಲ. ಶ್ರೀಮಂತ ದೇಶಗಳ ಶಾಲಾ ಮಕ್ಕಳಲ್ಲೂ ಸಾಮಾನ್ಯ. ಆದರೂ ತರಗತಿಯಲ್ಲಿ ಕೆರೆದುಕೊಂಡ ಹುಡುಗನಿಗೆ ಅಡ್ಡಹೆಸರು ಬೀಳ್ತದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಇರುವ ಮಗುವಿಗೆ ಇಂಥ ತೊಂದರೆಯನ್ನು ಶಿಕ್ಷಕರ ಹತ್ತಿರ ಹೇಳುವ ಶಬ್ದವೇ ಸಿಗುವುದಿಲ್ಲ. ಹೊಟ್ಟೆನೋವು ಅಂತ ಹೇಳಿ ಸುಮ್ಮನಾಗ್ತದೆ.

ಮನೆಗೆ ಹೋಗುವ ಚೀಟಿ

ಹಾಗಾದರೆ ನಾವು ಏನು ಮಾಡಬಹುದು? ಮಾತ್ರೆಯ ದಿನ ಮಗುವಿನ ಕೈಯಲ್ಲಿ ಮನೆಗೆ ಬರುವ ಸೂಚನೆ ರಾಜ್ಯಭಾಷೆಯಲ್ಲಿರ್ತದೆ. ಮಗು ಅದನ್ನು ಓದಬಲ್ಲದು. ಚಾಪೆ ತೊಳೆಯುವ, ಉಗುರು ತೆಗೆಯುವ ಅಜ್ಜಿ ಓದಲಾರಳು. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ, ಜತ್ತ ಅಕ್ಕಲಕೋಟೆಯ ಕನ್ನಡ ಶಾಲೆಗಳಲ್ಲಿ ಶಿಕ್ಷಕರೇ ಇದನ್ನು ಕನ್ನಡದಲ್ಲಿ ಬರೆದು ಕಳಿಸಬಹುದು. ನಾನು ಒಂದು ಕರಡು ಮಾಡಿದ್ದೇನೆ, ಓದ್ತೇನೆ:

"ರಾತ್ರಿ ಮಗು ಹಿಂಭಾಗ ಕೆರೆದುಕೊಂಡರೆ ಅದು ಸಣ್ಣ ಬಿಳಿ ಹುಳ. ಇವತ್ತಿನ ಮಾತ್ರೆ ಅದಕ್ಕೆ ಸಾಲದು. ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿ ಮನೆಯವರೆಲ್ಲ ಒಂದೇ ದಿನ ಮಾತ್ರೆ ತಿನ್ನಿ. 14 ದಿನ ಕಳೆದು ಇನ್ನೊಮ್ಮೆ ತಿನ್ನಿ. ಬೆಳಗ್ಗೆ ಎದ್ದ ಕೂಡಲೇ ಮಗುವಿನ ಹಿಂಭಾಗ ಸೋಪಿನಲ್ಲಿ ತೊಳೆದು ಚಡ್ಡಿ ಬದಲಾಯಿಸಿ. ಉಗುರು ಕತ್ತರಿಸಿ. ಹೊದಿಕೆ ಕೊಡವಬೇಡಿ, ಬಿಸಿನೀರಲ್ಲಿ ಒಗೆಯಿರಿ. ಮಗುವಿಗೆ ಬೈಯಬೇಡಿ."

ಜಂತು ಎಂಬ ಶಬ್ದವನ್ನು ಬೇಕೆಂದೇ ಬಿಟ್ಟಿದ್ದೇನೆ. "ಸಣ್ಣ ಬಿಳಿ ಹುಳ" ಅಂದರೆ ಜತ್ತದಲ್ಲೂ ತಾಳವಾಡಿಯಲ್ಲೂ ಒಂದೇ ಅರ್ಥ. ಆಯಾ ಊರಿನವರು ತಮ್ಮ ಮಾತಿಗೆ ತಿದ್ದಿಕೊಳ್ಳಿ. ತುಳು ಮನೆಗೆ ಕನ್ನಡ ಲಿಪಿಯಲ್ಲೇ ತುಳುವಿನಲ್ಲಿ ಬರೆದರೂ ಆಯ್ತು.

ಚರ್ಚೆಯಲ್ಲಿ ಬಂದ ಪ್ರಶ್ನೆಗಳು

ಹುಳ ಇರುವ ಮಗುವನ್ನು ಶಾಲೆಗೆ ಕಳಿಸಬಹುದೇ ಅಂತ ವಯನಾಡಿನ ಸಹಪಾಠಿ ಕೇಳಿದರು. ಕಳಿಸಬಹುದು. ಮಾತ್ರೆ ಕೊಟ್ಟು, ಬೆಳಗ್ಗೆ ತೊಳೆದು, ಉಗುರು ತೆಗೆದು ಕಳಿಸಿದರೆ ಸಾಕು. ಶಾಲೆ ಬಿಡಿಸಿದರೆ ಅಡ್ಡಹೆಸರು ಇನ್ನೂ ಗಟ್ಟಿಯಾಗ್ತದೆ.

ಎರಡೂ ಸಲ ಎಲ್ಲರೂ ತೆಗೆದುಕೊಂಡ ಮೇಲೂ ಬಂದರೆ? ಅದು ಹೆಚ್ಚಾಗಿ ಹೊಸ ಸೋಂಕು. ಅಂಗನವಾಡಿಯಲ್ಲೋ ಪಕ್ಕದ ಮನೆಯಲ್ಲೋ ಒಟ್ಟಿಗೆ ಆಡುವ ಮಕ್ಕಳಿಂದ ಬಂದಿರಬಹುದು. ಅದೇ ಚಿಕಿತ್ಸೆಯನ್ನು ಪುನಃ ಮಾಡಬೇಕು, ಆ ಮನೆಯವರಿಗೂ ಹೇಳಬೇಕು. ಕೆರೆದು ಹುಣ್ಣಾಗಿದ್ದರೆ, ಹೊಟ್ಟೆನೋವು ಜೋರಿದ್ದರೆ, ಹುಡುಗಿಗೆ ಸ್ರಾವ ಇದ್ದರೆ ಮನೆಯಲ್ಲಿ ಕಾಯದೆ ವೈದ್ಯರಿಗೆ ತೋರಿಸಬೇಕು.

ಪ್ರಾಧ್ಯಾಪಕರೊಬ್ಬರು ಕೇಳಿದ್ದು: ಇದನ್ನು ಭಾಷಾ ಸಮಸ್ಯೆ ಅಂತ ಕರೆಯುವುದು ಸ್ವಲ್ಪ ಅತಿಯಾಗಲಿಲ್ಲವೇ? ಹುಳಕ್ಕೆ ಭಾಷೆ ಇಲ್ಲ, ಒಪ್ತೇನೆ. ಬೆಂಗಳೂರಿನ ಮನೆಯಲ್ಲೂ ಎರಡನೇ ಮಾತ್ರೆ ಮರೆತುಹೋಗ್ತದೆ. ಆದರೆ ಅಲ್ಲಿ ಮರೆಯುವುದಕ್ಕೆ ಮೊದಲು ಅದನ್ನು ಯಾರೋ ಅರ್ಥವಾಗುವ ಮಾತಿನಲ್ಲಿ ಹೇಳಿರ್ತಾರೆ. ನಮ್ಮ ಮನೆಗಳಲ್ಲಿ ಅದನ್ನು ಹೇಳಿಯೇ ಇರುವುದಿಲ್ಲ. ಕೆಲವು ಸಾಲಿನ ಚೀಟಿಯಿಂದ ಅಷ್ಟನ್ನು ಸರಿಮಾಡಬಹುದಾದರೆ ಮಾಡುವುದು ಒಳ್ಳೆಯದು. ಮುಂದಿನ ಮಾತ್ರೆಯ ದಿನದೊಳಗೆ ನಿಮ್ಮ ನಿಮ್ಮ ಊರಿನ ಮಾತಿನಲ್ಲಿ ತಿದ್ದಿದ ಪ್ರತಿ ನನಗೆ ಕಳಿಸಿಕೊಡಿ.